ಸೌದೆ, ಸಗಣಿ, ಕರೆಂಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳ್ಳಿಗೆ ಬೇಕಾದ ಕರೆಂಟನ್ನು ಹಳ್ಳಿಯ ಕಸಕಡ್ಡಿಯಿಂದಲೇ ಮಾಡಿಕೊಳ್ಳಬಹುದು ಎಂದು ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳು ಇಲ್ಲಿವೆ. ಒಂದೇ ಥರದವನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ದಂಟು, ಕಡ್ಡಿ, ಸೌದೆ, ಸಗಣಿ ಎಲ್ಲ ಬೇಕಾದಷ್ಟಿದೆ. ಎಲ್ಲವನ್ನೂ ಒಂದೇ ಯಂತ್ರಕ್ಕೆ ಹಾಕಿ ಇಡೀ ಊರಿಗೆ ಕರೆಂಟ್ ಮಾಡಬಹುದಾ?

ಒಂದೇ ಯಂತ್ರಕ್ಕೆ ಹಾಕೋಕೆ ಆಗಲ್ಲ. ಹಸಿಯಾದದ್ದಕ್ಕೆ ಒಂದು ದಾರಿ, ಒಣಗಿದ್ದಕ್ಕೆ ಇನ್ನೊಂದು. ಸಗಣಿ, ಅಡುಗೆಮನೆ ಕಸ, ಹಸಿ ಸೊಪ್ಪು ಇವೆಲ್ಲ ಗೊಬ್ಬರ ಗ್ಯಾಸಿನ ತೊಟ್ಟಿಗೆ ಹೋಗಬೇಕು. ಅಲ್ಲಿ ಗಾಳಿಯಿಲ್ಲದ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸಿ ಮೀಥೇನ್ ಮಾಡುತ್ತವೆ. ಸೌದೆ, ಕರಟ, ಹತ್ತಿಕಡ್ಡಿ ಥರದ ಗಟ್ಟಿ ಪದಾರ್ಥವನ್ನು ಈ ಬ್ಯಾಕ್ಟೀರಿಯಾಗಳು ಮುಟ್ಟುವುದೇ ಇಲ್ಲ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅವಕ್ಕೆ ಜೀರ್ಣವಾಗುವುದಿಲ್ಲ, ಅದಕ್ಕೆ. ಅಂಥದ್ದನ್ನು ಗ್ಯಾಸಿಫೈಯರಿಗೆ ಹಾಕಬೇಕು. ಅದು ಬೆಂಕಿಯ ಕಾವಿನಲ್ಲಿ ಸೌದೆಯನ್ನು ಗ್ಯಾಸ್ ಮಾಡುವ ಒಲೆ. ಎರಡರಿಂದಲೂ ಬರುವ ಗ್ಯಾಸನ್ನು ಇಂಜಿನ್ನಿಗೆ ಕೊಟ್ಟು, ಇಂಜಿನ್ನಿನಿಂದ ಜನರೇಟರ್ ತಿರುಗಿಸುತ್ತೇವೆ.

ಮೂರನೆಯ ದಾರಿ ಹಬೆಯದು. ಬಾಯ್ಲರ್, ಟರ್ಬೈನ್. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯಿಂದ ಕರೆಂಟ್ ಮಾಡುವುದು ಹೀಗೆಯೇ. ಒಂದು ಊರಿನ ಅಳತೆಗೆ ಅದು ಹೊಂದುವುದಿಲ್ಲ, ಚಿಕ್ಕದಾದಷ್ಟೂ ಹಬೆ ಯಂತ್ರ ಸೌದೆಯನ್ನು ಜಾಸ್ತಿ ತಿನ್ನುತ್ತದೆ, ಕರೆಂಟ್ ಕಮ್ಮಿ ಕೊಡುತ್ತದೆ.

ಪ್ರಶ್ನೆ: ನಾನು ವಿಜ್ಞಾನದ ಶಿಕ್ಷಕಿ. ಸೌದೆ ಉರಿದರೆ ಹೊಗೆ, ಬೂದಿ ಆಗುತ್ತದೆ. ಅದು ಇಂಜಿನ್ ಓಡಿಸುವ ಗ್ಯಾಸ್ ಆಗುವುದು ಹೇಗೆ? ಮಕ್ಕಳಿಗೆ ಹೇಳುವ ಹಾಗೆ ಬರೆಯಿರಿ.

ಸೌದೆ ಒಲೆಯನ್ನು ಗಮನಿಸಿ ನೋಡಲು ಹೇಳಿ. ಜ್ವಾಲೆ ಸೌದೆಗೆ ಅಂಟಿಕೊಂಡಿರುವುದಿಲ್ಲ, ಸ್ವಲ್ಪ ಮೇಲೆ ಇರುತ್ತದೆ. ಯಾಕೆಂದರೆ ಅಲ್ಲಿ ಉರಿಯುತ್ತಿರುವುದು ಸೌದೆಯಲ್ಲ, ಕಾವಿಗೆ ಸೌದೆಯೊಳಗಿಂದ ಹೊರಬಂದ ಆವಿ. ಈ ಆವಿಗೆ ಸಾಕಷ್ಟು ಗಾಳಿ ಸಿಕ್ಕರೆ ಪೂರ್ತಿ ಉರಿದು ಮುಗಿಯುತ್ತದೆ. ಗ್ಯಾಸಿಫೈಯರಿನಲ್ಲಿ ನಾವು ಬೇಕೆಂತಲೇ ಗಾಳಿಯನ್ನು ಕಡಿಮೆ ಕೊಡುತ್ತೇವೆ, ಪೂರ್ತಿ ಉರಿಯಲು ಬೇಕಾದದ್ದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ, ಅಷ್ಟೇ.

ಹಳ್ಳಿಗಳಲ್ಲಿ ಬಳಸುವುದು ಹೆಚ್ಚಾಗಿ ಗಾಳಿ ಮತ್ತು ಗ್ಯಾಸ್ ಎರಡೂ ಕೆಳಮುಖವಾಗಿ ಹರಿಯುವ ಮಾದರಿ. ಸೌದೆ ತುಂಡುಗಳು ಮೇಲಿನಿಂದ ನಿಧಾನಕ್ಕೆ ಇಳಿಯುತ್ತವೆ. ಮೊದಲು ಒಣಗುತ್ತವೆ, ಆಮೇಲೆ ಇದ್ದಿಲು ಮತ್ತು ಆವಿ ಆಗಿ ಒಡೆಯುತ್ತವೆ. ನಡುವೆ ಗಾಳಿ ಬರುವ ಜಾಗದಲ್ಲಿ 1000ದಿಂದ 1200 ಡಿಗ್ರಿ ಸೆಲ್ಸಿಯಸ್ ಕಾವು ಇರುತ್ತದೆ. ಆ ಆವಿ ಈ ಬೆಂಕಿಯ ಮೂಲಕವೇ ಹಾದು ಹೋಗಬೇಕು, ಬೇರೆ ದಾರಿ ಇಲ್ಲ. ಹೋಗುವಾಗ ಅದರಲ್ಲಿರುವ ಅಂಟುಅಂಟಾದ ಟಾರ್ ಒಡೆದುಹೋಗುತ್ತದೆ. ಕೆಳಗೆ ಕೆಂಪಗೆ ಕಾದ ಇದ್ದಿಲ ಹಾಸು ಇರುತ್ತದಲ್ವಾ, ಅಲ್ಲಿ ನಿಜವಾದ ಕೆಲಸ ನಡೆಯುತ್ತದೆ: ಇಂಗಾಲದ ಡೈ ಆಕ್ಸೈಡ್ ಇದ್ದಿಲಿನ ಜೊತೆ ಸೇರಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ನೀರಾವಿ ಒಡೆದು ಹೈಡ್ರೋಜನ್ ಬರುತ್ತದೆ. ಕೊನೆಗೆ ಸಿಗುವ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ತಲಾ ನೂರಕ್ಕೆ 18ರಿಂದ 20 ಭಾಗ, ಮೀಥೇನ್ ಒಂದೆರಡು ಭಾಗ. ಹೆಚ್ಚುಕಮ್ಮಿ ಅರ್ಧ ಭಾಗ ಸುಮ್ನೆ ಬಂದು ಹೋಗುವ ಸಾರಜನಕ. ಹಾಗಾಗಿ ಇದು ಬಡಕಲು ಗ್ಯಾಸು. ಒಂದು ಘನ ಮೀಟರಿನಲ್ಲಿ 5 ಮೆಗಾಜೂಲಿಗಿಂತ ಕೊಂಚ ಕಮ್ಮಿ ಶಕ್ತಿ ಇರುತ್ತದೆ. ಗೊಬ್ಬರ ಗ್ಯಾಸಿನಲ್ಲಿ ಇದರ ನಾಲ್ಕು ಪಟ್ಟಿಗಿಂತ ಜಾಸ್ತಿ.

ಲೆಕ್ಕ ಬೇಕೆಂದರೆ ಒಂದು ಕಿಲೋ ಒಣ ಸೌದೆಗೆ ಸುಮಾರು 2.5 ಘನ ಮೀಟರ್ ಗ್ಯಾಸ್ ಬರುತ್ತದೆ. ಒಂದು ಯೂನಿಟ್ ಕರೆಂಟಿಗೆ 1.2 ಕಿಲೋದ ಆಸುಪಾಸು ಸೌದೆ ಬೇಕು. ಇದು ಹೊಸ ವಿದ್ಯೆಯೇನಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಯುರೋಪಿನಲ್ಲಿ ಲಕ್ಷಾಂತರ ಕಾರು, ಲಾರಿ, ಟ್ರ್ಯಾಕ್ಟರುಗಳು ಬೆನ್ನಿಗೊಂದು ಸೌದೆ ಒಲೆ ಕಟ್ಟಿಕೊಂಡೇ ಓಡಿದ್ದವು.

ಪ್ರಶ್ನೆ: ಡೀಸೆಲ್ ಮೆಕ್ಯಾನಿಕ್ ನಾನು. ಹಳೇ ಡೀಸೆಲ್ ಇಂಜಿನ್ನಿಗೇ ಈ ಗ್ಯಾಸ್ ಕೊಟ್ಟು ಓಡಿಸಬಹುದು ಅಂತಾರೆ. ಹೌದಾ? ಇಂಜಿನ್ ಹಾಳಾಗಲ್ವಾ?

ಓಡಿಸಬಹುದು. ಗಾಳಿ ಎಳೆಯುವ ಪೈಪಿನಲ್ಲೇ ಗ್ಯಾಸ್ ಸೇರಿಸಿದರಾಯಿತು. ಆದರೆ ಈ ಗ್ಯಾಸ್ ಡೀಸೆಲ್ಲಿನ ಹಾಗೆ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಹೊತ್ತಿಸಲು ಸ್ವಲ್ಪ ಡೀಸೆಲ್ ಬೇಕೇ ಬೇಕು. ಒಳ್ಳೆಯ ಲೋಡಿನಲ್ಲಿ ನೂರಕ್ಕೆ 70ರಿಂದ 80 ಭಾಗ ಡೀಸೆಲ್ ಉಳಿತಾಯವಾಗುತ್ತದೆ. ಗ್ಯಾಸಿನ ಬಲ ಕಡಿಮೆ ಆದ್ದರಿಂದ ಇಂಜಿನ್ನಿನ ತಾಕತ್ತು ಕಾಲು ಭಾಗದಷ್ಟು ಇಳಿಯುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಂಡು ಒಂದು ಸೈಜ್ ದೊಡ್ಡ ಇಂಜಿನ್ ಹಿಡಿಯಿರಿ. ಡೀಸೆಲ್ಲೇ ಬೇಡ ಅಂದರೆ ಸ್ಪಾರ್ಕ್ ಪ್ಲಗ್ ಇರುವ ಗ್ಯಾಸ್ ಇಂಜಿನ್ ಬೇಕಾಗುತ್ತದೆ.

ಇಂಜಿನ್ ಹಾಳಾಗುವುದು ಟಾರಿನಿಂದ, ಮತ್ತೆ ಗ್ಯಾಸಿನ ಜೊತೆ ಬರುವ ಧೂಳಿನಿಂದ. ಒಂದು ಘನ ಮೀಟರ್ ಗ್ಯಾಸಿನಲ್ಲಿ ಟಾರ್ 100 ಮಿಲಿಗ್ರಾಂ ದಾಟಬಾರದು, 50ರ ಒಳಗಿದ್ದರೆ ಇನ್ನೂ ಒಳ್ಳೆಯದು. ದಾಟಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ: ವಾಲ್ವಿನ ಕಡ್ಡಿ ಅಂಟಿಕೊಳ್ಳುತ್ತದೆ, ರಿಂಗು ಹಿಡಿಯುತ್ತದೆ, ಎಣ್ಣೆ ಗಂಜಿಯಾಗುತ್ತದೆ.

ಅದಕ್ಕೇ ಗ್ಯಾಸ್ ಸರಿಯಿದೆಯೋ ಇಲ್ಲವೋ ನೋಡದೆ ಇಂಜಿನ್ನಿಗೆ ಕೊಡಬೇಡಿ. ಒಲೆ ಹೊತ್ತಿಸಿದಾಗ ಮೊದಲು ದಟ್ಟ ಬಿಳಿ ಹೊಗೆ ಬರುತ್ತದೆ, ಕಣ್ಣು ಉರಿಯುತ್ತದೆ. ಅದು ಗ್ಯಾಸ್ ಅಲ್ಲ, ನೀರಾವಿ ಮತ್ತು ಟಾರ್. ಬ್ಲೋವರ್ ಓಡುತ್ತಿರಲಿ. ಕಾವು ಏರಿದ ಹಾಗೆ ಹೊಗೆ ತೆಳ್ಳಗಾಗುತ್ತದೆ. ಪರೀಕ್ಷೆಗೆಂದೇ ಇರುವ ಪೈಪಿನ ಬಾಯಿಗೆ ಪಂಜು ಹಿಡಿದರೆ ಹೊತ್ತಿಕೊಳ್ಳುತ್ತದೆ, ಪಂಜು ತೆಗೆದರೆ ಮೊದಮೊದಲು ಆರಿಹೋಗುತ್ತದೆ. ಪಂಜು ತೆಗೆದ ಮೇಲೂ ಉರಿ ತಾನಾಗಿ ನಿಂತರೆ ಗ್ಯಾಸ್ ಬಂತು ಅಂತ. ಅಷ್ಟಕ್ಕೇ ನಿಲ್ಲಿಸಬೇಡಿ. ಫಿಲ್ಟರ್ ದಾಟಿದ ಮೇಲಿನ ಕೊಳವೆಯಿಂದ ಒಂದಿಷ್ಟು ಗ್ಯಾಸನ್ನು ಬಿಳಿ ಬಟ್ಟೆಯ ತುಂಡಿನ ಮೂಲಕ ಹಾಯಿಸಿ ನೋಡಿ. ಬಟ್ಟೆ ಕಂದು ಬಣ್ಣಕ್ಕೆ ತಿರುಗಿ ಬೆರಳಿಗೆ ಅಂಟಿದರೆ ಅವತ್ತು ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಮೀಟರ್ ಇಲ್ಲದ ಕಡೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಪ್ರಶ್ನೆ: ಸೌದೆ ಎಷ್ಟು ಒಣಗಿರಬೇಕು? ಬಿಸಿಲಿಗೆ ಹಾಕಿದರೆ ಸಾಕಾ?

ತೇವ ನೂರಕ್ಕೆ 15ರ ಹತ್ತಿರ ಇರಬೇಕು, 20 ದಾಟಲೇಬಾರದು. ಆಗತಾನೆ ಕಡಿದ ಮರದಲ್ಲಿ ಅರ್ಧ ತೂಕ ನೀರೇ. ಆ ನೀರು ಆವಿಯಾಗಲು ಬೆಂಕಿಯ ಕಾವನ್ನೇ ತಿನ್ನುತ್ತದೆ, ಕಾವು ಇಳಿದರೆ ಟಾರ್ ಒಡೆಯುವುದಿಲ್ಲ, ಒಡೆಯದ ಟಾರ್ ನೇರ ಇಂಜಿನ್ನಿಗೆ. ಹಿಂದಿನ ಪ್ರಶ್ನೆಯ ತೊಂದರೆಗಳ ಬೇರು ಬಹಳ ಸಲ ಇಲ್ಲೇ ಇರುತ್ತದೆ.

ಬಿಸಿಲು ಸಾಕು, ಆದರೆ ಸಣ್ಣ ತುಂಡು ಮಾಡಿ ಒಣಗಿಸಬೇಕು, ಆಮೇಲೆ ಸೂರಿನಡಿ ಇಡಬೇಕು. ಪರೀಕ್ಷೆಗೆ ಒಂದು ಕಿಲೋ ತುಂಡುಗಳನ್ನು ತೂಗಿ, 105 ಡಿಗ್ರಿ ಕಾವಿನ ಓವನ್ನಿನಲ್ಲಿ ಇಡಿ, ತೂಕ ಇಳಿಯುವುದು ನಿಲ್ಲುವ ತನಕ. 850 ಗ್ರಾಂ ಉಳಿದರೆ ತೇವ ನೂರಕ್ಕೆ 15. ರೂಢಿಯಾದ ಮೇಲೆ ಎರಡು ತುಂಡು ಒಂದಕ್ಕೊಂದು ಬಡಿದರೆ ಬರುವ ಸದ್ದಿನಲ್ಲೇ ತಿಳಿಯುತ್ತದೆ, ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದ್ದು ದಪ್ ಅನ್ನುತ್ತದೆ. ಇಂಜಿನ್ನಿನ ಶಾಖವನ್ನು ಸೌದೆ ಒಣಗಿಸಲು ತಿರುಗಿಸಿಕೊಳ್ಳುವವರೂ ಇದ್ದಾರೆ, ಮಳೆಗಾಲಕ್ಕೆ ಅದು ತುಂಬ ಒಳ್ಳೆಯ ಉಪಾಯ.

ಪ್ರಶ್ನೆ: ಭತ್ತದ ಹೊಟ್ಟು ನಡೆಯುತ್ತದಾ?

ನಡೆಯುತ್ತದೆ, ಆದರೆ ಅದಕ್ಕೆಂದೇ ಮಾಡಿದ ಗ್ಯಾಸಿಫೈಯರ್ ಬೇಕು. ಸೌದೆಯಲ್ಲಿ ಬೂದಿ ಒಂದೆರಡು ಭಾಗವಾದರೆ ಹೊಟ್ಟಿನಲ್ಲಿ ನೂರಕ್ಕೆ 20ರ ಹತ್ತಿರ, ಅದರಲ್ಲಿ ಬಹುಪಾಲು ಸಿಲಿಕ. ಸೌದೆಯ ಯಂತ್ರಕ್ಕೆ ಹಾಕಿದರೆ ಕಟ್ಟಿಕೊಳ್ಳುತ್ತದೆ. ಬಿಹಾರದಲ್ಲಿ ಹಸ್ಕ್ ಪವರ್ ಸಿಸ್ಟಮ್ಸ್ ಅನ್ನುವ ಕಂಪನಿ 2007ರಲ್ಲಿ ಶುರು ಮಾಡಿದ್ದು ಹೊಟ್ಟಿನ ಸಣ್ಣ ಘಟಕಗಳಿಂದಲೇ. ಆಮೇಲೆ ಅವರು ಸೋಲಾರನ್ನೂ ಜೊತೆಗೆ ಸೇರಿಸಿಕೊಂಡರು.

ಪ್ರಶ್ನೆ: ನಮ್ಮಲ್ಲಿ ಎಲ್ಲ ಮನೆಯದ್ದೂ ಸೇರಿ 50 ಹಸು ಇವೆ. ಗೊಬ್ಬರ ಗ್ಯಾಸಿನಿಂದ ಎಷ್ಟು ಕರೆಂಟ್ ಬರುತ್ತದೆ?

ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವುದಾದರೆ ಹಸುವಿಗೆ ದಿನಕ್ಕೆ 10 ಕಿಲೋ ಸಗಣಿ ಹಿಡಿಯಿರಿ. 50 ಹಸುವಿಗೆ 500 ಕಿಲೋ. ಕಿಲೋಗೆ ಸುಮಾರು 40 ಲೀಟರ್ ಗ್ಯಾಸಿನಂತೆ 20 ಘನ ಮೀಟರ್. ಸಣ್ಣ ಇಂಜಿನ್ನಿನಲ್ಲಿ ಅದರಿಂದ 25ರಿಂದ 30 ಯೂನಿಟ್ ಬರುತ್ತದೆ. ಅಂದರೆ 5 ಕಿಲೋವ್ಯಾಟ್ ಜನರೇಟರನ್ನು ಐದಾರು ಗಂಟೆ ಓಡಿಸಬಹುದು. ಹೊರಗೆ ಮೇಯಲು ಹೋಗುವ ಹಸುವಾದರೆ ಸಗಣಿ ಅರ್ಧಕ್ಕರ್ಧ ಹೊಲದಲ್ಲೇ ಉಳಿಯುತ್ತದೆ, ಲೆಕ್ಕವನ್ನೂ ಅರ್ಧ ಮಾಡಿ. ಸಗಣಿಗೆ ಅಷ್ಟೇ ನೀರು ಬೆರೆಸಿ 40 ದಿನ ಒಳಗಿಡಲು 40 ಘನ ಮೀಟರಿನ ತೊಟ್ಟಿ ಬೇಕಾಗುತ್ತದೆ. ಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಕೊಳೆತ ಮೊಟ್ಟೆಯ ವಾಸನೆ, ಅದು ಇಂಜಿನ್ನನ್ನು ತಿಂದುಹಾಕುತ್ತದೆ. ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಡ್ರಮ್ಮಿನ ಮೂಲಕ ಹಾಯಿಸಿದರೆ ಬಹುಪಾಲು ಹೋಗುತ್ತದೆ. ಹೊರಬರುವ ಬಗ್ಗಡ ಒಳ್ಳೆಯ ಗೊಬ್ಬರ, ಸಾರಜನಕ ಅದರಲ್ಲೇ ಉಳಿದಿರುತ್ತದೆ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮನೆಗಳಲ್ಲಿ ಇನ್ನೂ ಹೊಗೆಯಲ್ಲೇ ಅಡುಗೆ ಆಗುತ್ತಿದ್ದರೆ, ಸಗಣಿಯೂ ಸಾಕಷ್ಟಿದ್ದರೆ, ಗ್ಯಾಸನ್ನು ಮೊದಲು ಒಲೆಗೆ ಕೊಡಿ. ಇಂಜಿನ್ನಿನಲ್ಲಿ ಅದರ ಶಕ್ತಿಯ ಮುಕ್ಕಾಲು ಭಾಗ ಶಾಖವಾಗಿ ಹೊರಹೋಗುತ್ತದೆ, ಒಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಪಾತ್ರೆಗೆ ಸೇರುತ್ತದೆ.

ಪ್ರಶ್ನೆ: ನಮ್ಮ ಹತ್ತಿರದ ಊರಲ್ಲಿ ಸೌದೆ ಕರೆಂಟಿನ ಘಟಕ ಹಾಕಿದ್ದರು. ಉದ್ಘಾಟನೆ ಜೋರಾಗಿತ್ತು. ಈಗ ಬೀಗ ಹಾಕಿ ತುಕ್ಕು ಹಿಡಿಯುತ್ತಿದೆ. ಎಲ್ಲ ಕಡೆ ಹೀಗೇ ಆಗುತ್ತದಾ?

ಎಲ್ಲ ಕಡೆ ಅಲ್ಲ, ಆದರೆ ಬಹಳ ಕಡೆ ಆಗಿದೆ. ಬಂದ ಪತ್ರಗಳಲ್ಲಿ ಇದೇ ದೂರು ಜಾಸ್ತಿ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಜನ ಯಂತ್ರವನ್ನು ಬೈಯುತ್ತಾರೆ. ನಾನು ಮೊದಲು ಕೇಳುವುದು, ಹಗಲು ಹೊತ್ತು ಅದರಿಂದ ಏನು ಓಡುತ್ತಿತ್ತು ಅಂತ. ಹೆಚ್ಚಿನ ಕಡೆ ಉತ್ತರ ಒಂದೇ: ಏನೂ ಇಲ್ಲ, ಸಂಜೆ ದೀಪಕ್ಕೆ ಅಂತ ಹಾಕಿದ್ದು. 20 ಕಿಲೋವ್ಯಾಟಿನ ಘಟಕ ಸಂಜೆ ನಾಲ್ಕು ಗಂಟೆ ಹೊತ್ತು ಮೂರು ನಾಲ್ಕು ಕಿಲೋವ್ಯಾಟ್ ದೀಪ ಉರಿಸಿದರೆ ಎರಡು ಥರ ನಷ್ಟ. ಆಪರೇಟರ್ ಸಂಬಳ ಅಷ್ಟೇ, ಒಲೆ ಹೊತ್ತಿಸುವ ಕೆಲಸ ಅಷ್ಟೇ, ತೊಳೆಯುವುದು ಅಷ್ಟೇ, ಆದರೆ ಮಾರಿದ ಯೂನಿಟ್ ಬೆರಳೆಣಿಕೆಯಷ್ಟು. ಇದು ಎಲ್ಲರಿಗೂ ಕಾಣುವ ನಷ್ಟ. ಕಾಣದ್ದು ಇನ್ನೊಂದಿದೆ. ಲೋಡ್ ಕಡಿಮೆಯಾದರೆ ಇಂಜಿನ್ ಗ್ಯಾಸ್ ಎಳೆಯುವುದು ಕಡಿಮೆಯಾಗುತ್ತದೆ, ಒಲೆಯೊಳಗೆ ಗಾಳಿ ಕಡಿಮೆ, ಕಾವು ಇಳಿಯುತ್ತದೆ, ಟಾರ್ ಏರುತ್ತದೆ. ಹಾಗಾಗಿ ಸುಮ್ನೆ ದೀಪಕ್ಕಷ್ಟೇ ಓಡಿಸಿದ ಘಟಕ ದುಡಿದ ಘಟಕಕ್ಕಿಂತ ಬೇಗ ಕೆಡುತ್ತದೆ. ಕೆಟ್ಟ ಮೇಲೆ ರಿಪೇರಿಗೆ ದುಡ್ಡಿಲ್ಲ, ಯಾಕೆಂದರೆ ಯೂನಿಟ್ ಮಾರಿಲ್ಲ.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯ ಕತೆ ಇದಕ್ಕೆ ಒಳ್ಳೆಯ ಸಾಕ್ಷಿ. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಅಲ್ಲಿ ಸಣ್ಣದೊಂದು ಗ್ಯಾಸಿಫೈಯರ್ ಹಾಕಿದರು, ಆಮೇಲೆ ಅದು 20 ಕಿಲೋವ್ಯಾಟಿಗೆ ಬೆಳೆಯಿತು. ದೀಪದ ಜೊತೆಗೆ ನಲ್ಲಿಯಲ್ಲಿ ಕುಡಿಯುವ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ನೀರಿನ ಪಂಪು ಎಲ್ಲ ಅದರಿಂದ ಓಡಿದವು. ಹದಿನಾಲ್ಕು ವರ್ಷಕ್ಕೂ ಮೇಲೆ ನಡೆಯಿತು. 2004ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಅದಕ್ಕೆ ಹಿಂದಿನ ಆರು ವರ್ಷಗಳಲ್ಲಿ ನೂರಕ್ಕೆ 85ಕ್ಕೂ ಜಾಸ್ತಿ ದಿನ ದೀಪ ಮತ್ತು ನೀರು ಸಿಕ್ಕಿತ್ತು. ಆ ಲೆಕ್ಕದಲ್ಲೇ ಇನ್ನೊಂದು ಅಂಶ ಇದೆ, ಪ್ರತಿಯೊಬ್ಬರೂ ನೋಡಬೇಕಾದ್ದು: 5 ಕಿಲೋವ್ಯಾಟ್ ಲೋಡಿನಲ್ಲಿ ಓಡಿಸಿದರೆ ಒಂದು ಯೂನಿಟ್ಟಿಗೆ ಸೌದೆ, ಆಪರೇಟರ್, ರಿಪೇರಿ ಸೇರಿ ಬೀಳುವ ಖರ್ಚು 20 ಕಿಲೋವ್ಯಾಟ್ ಲೋಡಿನ ಖರ್ಚಿಗಿಂತ ಮುಕ್ಕಾಲು ಪಟ್ಟು ಹೆಚ್ಚು. ಅದೇ ಯಂತ್ರ, ಅದೇ ಸೌದೆ, ಅದೇ ಜನ.

ಅದೇ ತಾಲ್ಲೂಕಿನ ಪುರ ಗ್ರಾಮದಲ್ಲಿ ಗೊಬ್ಬರ ಗ್ಯಾಸಿನ ಪ್ರಯೋಗ ನಡೆಯಿತು. ಅದನ್ನು ಮಾಡಿದ್ದು 1974ರಲ್ಲಿ ವಿಜ್ಞಾನ ಸಂಸ್ಥೆಯಲ್ಲೇ ಹುಟ್ಟಿದ, ವಿಜ್ಞಾನವನ್ನು ಹಳ್ಳಿಗೆ ಒಯ್ಯುವ ಅಸ್ತ್ರ ವಿಭಾಗ, ಅಮೂಲ್ಯ ರೆಡ್ಡಿಯವರ ಮುಂದಾಳತ್ವ. ಮೊದಲು ಎಲ್ಲ ಮನೆಗೂ ಅಡುಗೆ ಗ್ಯಾಸ್ ಕೊಡಬೇಕು ಅಂತ ಹೊರಟರು. ಸಗಣಿ ಅಷ್ಟಿರಲಿಲ್ಲ, ಕೆಲಸ ನಿಂತಿತು. ಆಮೇಲೆ ಇದ್ದಷ್ಟು ಗ್ಯಾಸಿನಿಂದ ಇಂಜಿನ್ ಓಡಿಸಿ ಕುಡಿಯುವ ನೀರು ಮತ್ತು ದೀಪ ಕೊಡೋಣ ಅಂತ ದಾರಿ ಬದಲಾಯಿಸಿದರು, 1987ರಿಂದ ಅದು ನಡೆಯಿತು. ಸಗಣಿ ತಂದವರಿಗೆ ತೂಕದ ಮೇಲೆ ದುಡ್ಡು, ಬಗ್ಗಡ ವಾಪಸ್. ಊರಿನವರಿಗೆ ನೀರು ಮನೆ ಹತ್ತಿರ ಬಂದದ್ದು ದೀಪಕ್ಕಿಂತ ಕಡಿಮೆ ವಿಷಯವೇನಲ್ಲ, ದೂರದಿಂದ ಹೊತ್ತು ತರುವ ಹೆಂಗಸರನ್ನು ಕೇಳಿ ನೋಡಿ.

ಈ ಎರಡೂ ಕಡೆ ಊರಿನವರೇ ಯಂತ್ರ ನೋಡಿಕೊಳ್ಳುತ್ತಿದ್ದರು, ಊರಿಗೆ ಬೇಕಾದ ಕೆಲಸಕ್ಕೇ ಅದು ಓಡುತ್ತಿತ್ತು. ನೀವು ಹೇಳಿದ ಬೀಗ ಹಾಕಿದ ಘಟಕವನ್ನು ಮತ್ತೆ ಓಡಿಸಬೇಕೆಂದರೆ ಹೊಸ ಇಂಜಿನ್ ಕೇಳುವ ಮೊದಲು ಹಗಲಿಗೊಂದು ಗಿರಣಿಯನ್ನೋ ಪಂಪನ್ನೋ ಹುಡುಕಿ. ಎರಡನೆಯದಾಗಿ, ಇಬ್ಬರಾದರೂ ಆಪರೇಟರುಗಳಿಗೆ ಕೆಲಸ ಕಲಿಸಿ. ಒಬ್ಬನೇ ಇದ್ದರೆ ಅವನು ಮದುವೆಗೆ ಹೋದ ದಿನ ಊರು ಕತ್ತಲೆ.

ಪ್ರಶ್ನೆ: ಇದರಿಂದ ಕಾಡು ಬೋಳಾಗುವುದಿಲ್ಲವೇ?

ಎಚ್ಚರ ತಪ್ಪಿದರೆ ಆಗುತ್ತದೆ. ದಿನಕ್ಕೆ 100 ಯೂನಿಟ್ ಮಾಡಿದರೆ ವರ್ಷಕ್ಕೆ 45 ಟನ್ ಹತ್ತಿರ ಒಣ ಸೌದೆ ಬೇಕು. ಮಳೆ ಕಮ್ಮಿ ಇರುವ ನೆಲದಲ್ಲಿ ನೆಟ್ಟ ತೋಪಿನಿಂದ ಹೆಕ್ಟೇರಿಗೆ ವರ್ಷಕ್ಕೆ 5ರಿಂದ 8 ಟನ್ ಬರುತ್ತದೆ ಅಂದುಕೊಂಡರೂ ಆರರಿಂದ ಒಂಬತ್ತು ಹೆಕ್ಟೇರ್ ಬೇಕಾಯಿತು. ಅಷ್ಟು ಬೆಳೆಸಿ ಅಷ್ಟೇ ಕಡಿದರೆ ಹೊರಹೋದ ಇಂಗಾಲವನ್ನು ಮತ್ತೆ ಬೆಳೆಯುವ ಗಿಡ ಹೀರಿಕೊಳ್ಳುತ್ತದೆ. ಬೆಳೆಸದೆ ಕಡಿದರೆ ಆ ಮಾತು ಸುಳ್ಳು.

ಹೊಲದ ಉಳಿಕೆಯನ್ನೂ ಪೂರ್ತಿ ಎತ್ತಿಕೊಂಡು ಹೋಗಬೇಡಿ. ದನಕ್ಕೆ ಮೇವಾಗುವುದನ್ನು ಮುಟ್ಟಬೇಡಿ. ನೆಲಕ್ಕೂ ಒಂದಿಷ್ಟು ಸೇರಬೇಕು. ದನವೂ ತಿನ್ನದ, ಬೇಗ ಕೊಳೆಯದ, ಬದುವಿನಲ್ಲಿ ಬೆಂಕಿ ಇಡುವ ಗಟ್ಟಿ ಕಡ್ಡಿಗಳಿವೆಯಲ್ಲ, ಅವೇ ಇದಕ್ಕೆ ಸರಿ.

ಪ್ರಶ್ನೆ: ಅಪಾಯ ಏನಾದರೂ ಇದೆಯಾ?

ಇದೆ, ಅದನ್ನು ಮುಚ್ಚಿಡಬಾರದು. ಸೌದೆಯಿಂದ ಬರುವ ಗ್ಯಾಸಿನ ಐದನೇ ಒಂದು ಭಾಗ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಮೊದಲು ತಲೆನೋವು, ತಲೆಸುತ್ತು, ಆಮೇಲೆ ಪ್ರಜ್ಞೆ ತಪ್ಪುತ್ತದೆ, ಜೀವ ಹೋಗುತ್ತದೆ. ಘಟಕಕ್ಕೆ ಸೂರು ಇರಲಿ, ಸುತ್ತ ಗೋಡೆ ಬೇಡ. ಕಾರ್ಬನ್ ಮಾನಾಕ್ಸೈಡ್ ಅಲಾರಂ ತಪ್ಪದೆ ಹಾಕಿ. ರಾತ್ರಿ ಕಾವಲಿನವರು ಅಲ್ಲೇ ಮಲಗಬಾರದು, ಚಳಿಯಿದ್ದರೂ. ಸೌದೆ ತುಂಬಲು ಮುಚ್ಚಳ ತೆರೆಯುವಾಗ ಒಳಗೆ ಗಾಳಿ ನುಗ್ಗಿ ಭಗ್ಗೆಂದು ಹೊತ್ತಿಕೊಳ್ಳಬಹುದು, ಮುಖ ಪಕ್ಕಕ್ಕಿಟ್ಟು ತೆರೆಯಿರಿ. ಇಂಜಿನ್ನಿಗೆ ಕೊಡುವ ಮೊದಲು ಗ್ಯಾಸ್ ತೊಳೆದ ನೀರಿನಲ್ಲಿ ಟಾರ್, ಫೀನಾಲ್ ಎಂಬ ವಿಷ ಇರುತ್ತವೆ, ಅದನ್ನು ಕೆರೆಗೋ ಬಾವಿ ಪಕ್ಕದ ಗುಂಡಿಗೋ ಬಿಡಬೇಡಿ, ಶುದ್ಧ ಮಾಡಿ ಮತ್ತೆ ಅದನ್ನೇ ಬಳಸುವ ವ್ಯವಸ್ಥೆ ಬೇಕು.

ಪ್ರಶ್ನೆ: ಸೋಲಾರ್ ಇಷ್ಟು ಅಗ್ಗ ಆಗಿರುವಾಗ ಈ ಬೆಂಕಿ, ಬೂದಿ, ತೊಳೆಯುವ ರಗಳೆ ಯಾಕೆ?

ಬರೀ ದೀಪ, ಫ್ಯಾನು, ಮೊಬೈಲ್ ಚಾರ್ಜಿಗಾದರೆ ಸೋಲಾರೇ ಹಾಕಿ. ಅಲ್ಲಿ ಸೌದೆ ಗೆಲ್ಲುವುದಿಲ್ಲ. ಆದರೆ ಕತ್ತಲಾದ ಮೇಲೂ ದೊಡ್ಡ ಮೋಟರ್ ಓಡಬೇಕು, ವಾರಗಟ್ಟಲೆ ಮೋಡ ಕವಿದಾಗಲೂ ಓಡಬೇಕು, ಜೊತೆಗೆ ಬೆಳೆ ಒಣಗಿಸಲು ಶಾಖವೂ ಬೇಕು ಅನ್ನುವ ಕಡೆ ಸೌದೆಗೆ ಬೆಲೆ ಇದೆ. ಸೌದೆ ಎಂದರೆ ಕೂಡಿಟ್ಟ ಶಕ್ತಿ, ಬೇಕಾದ ಗಂಟೆಗೆ ತೆಗೆಯಬಹುದು. ಹಗಲು ಸೋಲಾರ್, ರಾತ್ರಿ ಗ್ಯಾಸ್ ಅಂತ ಎರಡನ್ನೂ ಸೇರಿಸಿದರೆ ಬ್ಯಾಟರಿಯ ಹೊರೆ ತಗ್ಗುತ್ತದೆ. ಹಗಲಿನ ಗಿರಣಿ ಕತೆ ಆಗ ಏನಾಯಿತು ಅಂತ ನೀವು ಕೇಳಬಹುದು. ಆಗ ಗ್ಯಾಸಿನ ಘಟಕವನ್ನು ಚಿಕ್ಕದಾಗಿ ಹಾಕಬೇಕು, ಓಡುವ ಅಷ್ಟೂ ಹೊತ್ತು ಅದು ತುಂಬು ಲೋಡಿನಲ್ಲಿ ಓಡುವ ಹಾಗೆ.

ಪ್ರಶ್ನೆ: ನಾವು ಹತ್ತು ಜನ ಸೇರಿ ಶುರು ಮಾಡಬೇಕೆಂದಿದ್ದೇವೆ. ಮೊದಲು ಯಾವ ಕಂಪನಿಯವರನ್ನು ಕರೆಸಬೇಕು?

ಸದ್ಯಕ್ಕೆ ಯಾರನ್ನೂ ಬೇಡ. ಒಂದು ನೋಟ್‌ಬುಕ್ ತೊಗೊಳ್ಳಿ. ಒಂದು ಕಡೆ ಊರಲ್ಲಿರುವ ಪ್ರತಿ ಮೋಟರು, ಪಂಪು, ಗಿರಣಿ ಎಷ್ಟು ಅಶ್ವಶಕ್ತಿಯದು, ದಿನಕ್ಕೆ ಯಾವ ಹೊತ್ತಿನಲ್ಲಿ ಎಷ್ಟು ಗಂಟೆ ಓಡುತ್ತದೆ ಅಂತ ಬರೆಯಿರಿ. ಇನ್ನೊಂದು ಕಡೆ ಕಡ್ಡಿ, ಸೌದೆ, ಸಗಣಿ ಯಾವ ತಿಂಗಳಲ್ಲಿ ಎಷ್ಟು ಸಿಗುತ್ತದೆ, ಈಗ ಅದನ್ನು ಯಾರು ಏತಕ್ಕೆ ಬಳಸುತ್ತಿದ್ದಾರೆ ಅಂತ ಬರೆಯಿರಿ. ಅಂದಾಜು ಬೇಡ, ತೂಗಿ ಬರೆಯಿರಿ. ಕೊಯ್ಲಿನ ಕಾಲ, ಮಳೆಗಾಲ ಎರಡೂ ಅದರೊಳಗೆ ಬರಲಿ, ಯಾಕೆಂದರೆ ಕೊಯ್ಲಿನಲ್ಲಿ ರಾಶಿ ಬಿದ್ದಿರುವ ಕಡ್ಡಿ ಮಳೆಗಾಲದಲ್ಲಿ ಒಣಗಿದ್ದು ಒಂದೂ ಸಿಗದೇ ಇರಬಹುದು. ಆ ಪುಸ್ತಕ ತುಂಬಿದ ಮೇಲೆ ಕಂಪನಿಯವರನ್ನು ಕರೆಸಿ. ಆಗ ಎಷ್ಟು ಕಿಲೋವ್ಯಾಟ್ ಬೇಕು ಅಂತ ಅವರು ಹೇಳುವ ಮೊದಲೇ ನೀವು ಹೇಳುತ್ತೀರಿ.